ನನ್ನ ಮೂರನೆಯ ಮೂತ್ರಪಿಂಡ

ಮನುಷ್ಯನ ಮೈಯಲ್ಲಿ ಯಾರ ಹೊಗಳಿಕೆಯೂ ಇಲ್ಲದೆ ದುಡಿಯುವ ಅಂಗವೆಂದರೆ ಮೂತ್ರಪಿಂಡ. ಕಣ್ಣನ್ನು ತಾವರೆಗೆ ಹೋಲಿಸಿದರು, ಮೂಗನ್ನು ಸಂಪಿಗೆಗೆ ಹೋಲಿಸಿದರು, ಹೃದಯದ ಮೇಲಂತೂ ಬರೆಯದವರೇ ಇಲ್ಲ. ಸಿಟ್ಟಿನವರ ದೆಸೆಯಿಂದ ಪಿತ್ತಕ್ಕೂ ಒಂದಿಷ್ಟು ಹೆಸರಿದೆ. ಆದರೆ ಬೆನ್ನಿನ ಕಡೆ, ಪಕ್ಕೆಲುಬಿನ ಕೆಳ ಅಂಚಿಗೆ ಒತ್ತಿಕೊಂಡು, ಅವರೆಕಾಳಿನ ಆಕಾರದಲ್ಲಿ ಮುಷ್ಟಿಯಷ್ಟೇ ಆಗಿ ಕುಳಿತು ಹಗಲಿರುಳು ರಕ್ತ ಸೋಸುವ ಈ ಜೋಡಿಯನ್ನು ಯಾರಾದರೂ ಹಾಡಿ ಹೊಗಳಿದ್ದು ನಾನು ಕೇಳಿಲ್ಲ. ನಾನಾದರೂ ನಾಲ್ಕು ಮಾತು ಬರೆಯೋಣವೆಂದು ಕುಳಿತಿದ್ದೇನೆ. ನನಗೆ ಆ ಅಧಿಕಾರವೂ ಇದೆ. ನಿಮ್ಮ ಬಳಿ ಎರಡಿದ್ದರೆ ನನ್ನ ಬಳಿ ಮೂರಿವೆ! ಹುಟ್ಟಿನಿಂದ ಬಂದ ಎರಡೂ, ಕೆಲಸ ಬಿಟ್ಟು ಮನೆಯಲ್ಲೇ ಉಳಿದ ಮುದುಕರ ಹಾಗೆ ತಮ್ಮ ಜಾಗದಲ್ಲಿ ಸುಮ್ಮನೆ ಕುಳಿತಿವೆ. ಮೂರನೆಯದು ಹೊಟ್ಟೆಯ ಕೆಳಗೆ ಬಲಗಡೆ, ಲುಂಗಿಯ ಗಂಟು ಬೀಳುವ ಜಾಗದಲ್ಲಿದೆ. ದುಡಿಯುವುದೆಲ್ಲ ಅದೊಂದೇ. ಅದು ನನ್ನ ಒಡಹುಟ್ಟಿದ ನೀಲಕ್ಕನದು. ನೀಲಕ್ಕ ಈಗ ಇಲ್ಲ. ಅವಳ ಮೂತ್ರಪಿಂಡ ಇದೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಪುಣೆಯ ಮಾರ್ಕೆಟ್ ಯಾರ್ಡಿನ ಒಂದು ಬೆಲ್ಲದ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಅವ್ವ ನನ್ನ ಜೊತೆಗಿದ್ದಳು. ಅಕ್ಕ ಭಾವನೊಂದಿಗೆ ಚಾಕಣದ ಹತ್ತಿರ ಇದ್ದಳು. ಭಾವನಿಗೆ ಅಲ್ಲಿಯ ಕಾರಖಾನೆಯಲ್ಲಿ ಕೆಲಸ. ಒಮ್ಮೆ ನನ್ನ ಕಾಲು ಬಾತವು, ಆಮೇಲೆ ಮುಖ ಬಾತಿತು. "ಮೈ ಕೈ ತುಂಬಿಕೊಂಡಿಯಲ್ಲೊ" ಎಂದು ಜನ ಮೆಚ್ಚಿಕೊಂಡರು. ಡಾಕ್ಟರು ಮಾತ್ರ ಮೆಚ್ಚಲಿಲ್ಲ. ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಮೇಲೆ ಎರಡು ಪಿಂಡ. ಅವು ರಕ್ತದೊಳಗಿನ ಕೊಳೆ, ಮಿಕ್ಕ ಉಪ್ಪು, ಮಿಕ್ಕ ನೀರನ್ನು ಸೋಸಿ ತೆಗೆಯುತ್ತವೆ. ಅಲ್ಲಿಂದ ಎರಡು ಸಣ್ಣ ನಾಳ ಕೆಳಗಿಳಿದು ಒಂದು ಚೀಲಕ್ಕೆ ಸೇರುತ್ತವೆ. ಚೀಲ ತುಂಬಿದಾಗ ತಲೆಗೆ ಸುದ್ದಿ ಹೋಗುತ್ತದೆ. ಚೀಲದ ಬಾಯಿಗೊಂದು ಬಾಗಿಲು. ಯಜಮಾನ ಹೂಂ ಅಂದರೆ ತೆರೆಯುತ್ತದೆ. ಇಷ್ಟು ಅಚ್ಚುಕಟ್ಟಾದ ಸಂಸಾರ ನನ್ನೊಳಗೆ ನಡೆದಿತ್ತೆಂದು ನನಗೆ ತಿಳಿದದ್ದು ಅದು ಮುರಿದುಬಿದ್ದ ಮೇಲೆ!

ಆಮೇಲೆ ಮೂತ್ರವೇ ನಿಂತುಹೋಯಿತು. ರಕ್ತ ತೊಳೆಯಲು ಆಸ್ಪತ್ರೆಯ ಯಂತ್ರ ಬಂತು. ಕುಡಿದ ನೀರಿಗೆ ಹೊರಗೆ ಹೋಗುವ ದಾರಿಯಿಲ್ಲವಾದ್ದರಿಂದ ಗುಟುಕು ಗುಟುಕಿಗೂ ಕಾವಲು. ಅವ್ವ ತಂಬಿಗೆಯನ್ನು ಬಂಗಾರದ ಹಾಗೆ ಬಚ್ಚಿಡುತ್ತಿದ್ದಳು. ಪುಣೆಯಲ್ಲಿ ಗೋಡೆ ಗೋಡೆಗೆ "ಇಥೇ ಲಘವೀ ಕರೂ ನಯೇ" ಎಂದು, ಇಲ್ಲಿ ಮೂತ್ರ ಮಾಡಬಾರದೆನ್ನುವ ಬೋರ್ಡು ಇರುತ್ತದೆ. ಅದರ ಕೆಳಗೇ ಗಂಡಸರು ಸಾಲಾಗಿ ನಿಂತಿರುತ್ತಾರೆ. ಮೊದಲು ಮೂಗು ಮುಚ್ಚಿಕೊಂಡು ದಾಟುತ್ತಿದ್ದವನು ಈಗ ನಿಂತು ನೋಡುತ್ತಿದ್ದೆ. ಎಂಥ ಭಾಗ್ಯವಂತರು! ಒಬ್ಬನಂತೂ ಬೀಡಿ ಬಾಯಲ್ಲಿಟ್ಟುಕೊಂಡು, ತಾನೇನು ದೊಡ್ಡ ಕೆಲಸ ಮಾಡುತ್ತಿದ್ದೇನೆಂಬ ಅರಿವೇ ಇಲ್ಲದೆ ಮಾಡುತ್ತಿದ್ದ. ನಾನು ಕಣ್ಣು ಕೀಳದೆ ನೋಡಿದ್ದಕ್ಕೆ "ಕಾಯ ರೇ, ಕಾಯ ಬಘತೋಸ?" ಎಂದು ಗದರಿದ. ಹೊಟ್ಟೆಕಿಚ್ಚಿಗೆ ಮರಾಠಿಯಲ್ಲಿ ಏನು ಹೇಳಬೇಕೋ ತೋಚದೆ ಮುಂದೆ ನಡೆದೆ.

ಬೇರೆಯವರ ಒಂದು ಮೂತ್ರಪಿಂಡ ಹಾಕಿದರೆ ಬದುಕಬಹುದೆಂದು ಡಾಕ್ಟರು ಹೇಳಿದರು. ಅವ್ವನಿಗೆ ಸಕ್ಕರೆ ಕಾಯಿಲೆ, ಅವಳದು ಬರುವಂತಿರಲಿಲ್ಲ. ಅಕ್ಕ ಪರೀಕ್ಷೆಗೆ ಹೋದಳು. ಹೊಂದಿತು! ನಾವೆಲ್ಲ ಹಿಗ್ಗುವಷ್ಟರಲ್ಲಿ ಅವ್ವ ಅಡ್ಡ ನಿಂತಳು.

"ಹೆಣ್ಣು ಕೊಟ್ಟ ಮನಿಗೆ ತವರಿನವ್ರು ಒಯ್ದು ಕೊಡಬೇಕು. ಅಲ್ಲಿಂದ ತರಬಾರದು. ಪಂಚಮಿಗೆ ಒಂದು ಸೀರಿ ಬಿಟ್ರ ಈ ಹುಡುಗಿಗೆ ನಾವೇನು ಕೊಟ್ಟೇವಿ? ಈಗ ಆಕೀ ಹೊಟ್ಟಿ ಕೊಯ್ದು ತರೂದೇನು?"

"ಯವ್ವಾ, ಪದ್ಧತಿ ನೋಡ್ಕೋತ ಕುಂತ್ರ ಪಂಚಮಿಗೆ ಕರ್ಯಾಕ ತಮ್ಮನs ಇರಂಗಿಲ್ಲ" ಎಂದಳು ಅಕ್ಕ.

ಭಾವ ಎಂದಿನಂತೆ ನಿಧಾನವಾಗಿ ಹೇಳಿದ: "ಅತ್ತೀ, ಎರಡು ಅದಾವಲ್ರಿ. ಒಂದು ಒಯ್ರಿ. ನಮ್ಮ ಕಾರಖಾನ್ಯಾಗ ಸುದ್ದಾ ಒಂದು ಪಂಪ್ ಜಾಸ್ತೀನs ಇಟ್ಟಿರ್ತಾರ."

ಅವ್ವ ಒಪ್ಪಿದಳು, ಆದರೆ ತನ್ನದೊಂದು ಕರಾರು ಇಟ್ಟಳು. ಕೊಡುವ ಹೆಣ್ಣುಮಗಳ ಉಡಿ ಬರಿದಿರಬಾರದು. ಆಪರೇಷನ್ನಿನ ಹಿಂದಿನ ದಿನ ಆಸ್ಪತ್ರೆಯ ಮಂಚದ ಮೇಲೆ ಅಕ್ಕನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಅಕ್ಕಿ, ತೆಂಗಿನಕಾಯಿ, ಅರಿಶಿನಕೊಂಬು, ಕುಪ್ಪಸದ ಖಣ ಇಟ್ಟು ಉಡಿ ತುಂಬತೊಡಗಿದಳು. ಅಷ್ಟರಲ್ಲಿ ನರ್ಸಬಾಯಿ ಬಂದಳು. ಮಂಚದ ತುಂಬ ಅಕ್ಕಿ! "ಹೇ ಕಾಯ?" ಎಂದು ಕಿರುಚಿದಳು. ಅವ್ವ ತಿರುಗಿಯೂ ನೋಡದೆ "ಓಟೀ ಭರತೇ" ಎಂದಳು. ನರ್ಸಬಾಯಿಯ ಬಾಯಿ ಅಲ್ಲಿಗೇ ನಿಂತಿತು. ಓಟಿ ತುಂಬುವಾಗ ಯಾವ ಮರಾಠಿ ಹೆಣ್ಣುಮಗಳು ತಾನೇ ಅಡ್ಡ ಬರುತ್ತಾಳೆ? ಕೈಕಟ್ಟಿ ನಿಂತಳು, ಕೊನೆಗೆ ತಾನೂ ಕುಂಕುಮ ಹಚ್ಚಿಸಿಕೊಂಡಳು, ಆಮೇಲೆ ಮನಸಾರೆ ಬೈದಳು. ಬೈಯುತ್ತಲೇ ಅಕ್ಕಿಯನ್ನು ಒಂದು ಕಾಳೂ ಬಿಡದಂತೆ ಅಕ್ಕನ ಸೆರಗಿಗೆ ಬಳಿದು ಹಾಕಿದಳು.

ಮರುದಿನದ ಕಥೆಯನ್ನು ಭಾವನ ಬಾಯಿಂದಲೇ ಕೇಳಬೇಕು, ನಾನು ಪ್ರಜ್ಞೆಯಲ್ಲಿರಲಿಲ್ಲ. ಹೊಸ ಪಿಂಡವನ್ನು ನನ್ನ ರಕ್ತನಾಳಕ್ಕೆ ಜೋಡಿಸಿ, ಅದರ ಕೊಳವೆಯನ್ನು ನನ್ನ ಚೀಲಕ್ಕೆ ಹೊಲಿಯುತ್ತಾರೆ. ರಕ್ತ ಬಿಟ್ಟ ಕೂಡಲೇ ಅದು ಕೆಂಪೇರಬೇಕು, ಮೂತ್ರ ಹನಿಯಬೇಕು. ಹನಿಯದಿದ್ದರೆ ಅಕ್ಕ ಕೊಟ್ಟದ್ದು ದಂಡವಾಗಬಹುದು. ಹೊರಗೆ ಅವ್ವ, ಭಾವ, ಬೇರೆ ರೋಗಿಗಳ ಕಡೆಯ ಜನ, ಎಲ್ಲರೂ ಬಾಗಿಲಿಗೆ ಕಣ್ಣು ನೆಟ್ಟು ಕುಳಿತಿದ್ದರಂತೆ. ಬಾಗಿಲು ತೆರೆದು ಆಯಾಬಾಯಿ ಎರಡೂ ಕೈ ಮೇಲೆತ್ತಿ, "ಲಘವೀ ಝಾಲೀ!" ಎಂದು ಕೂಗಿದಳು. ಚಪ್ಪಾಳೆಯೋ ಚಪ್ಪಾಳೆ! ಗುರುತು ಪರಿಚಯವಿಲ್ಲದವರು ಭಾವನನ್ನು ತಬ್ಬಿಕೊಂಡರು. ಯಾವುದೋ ಕುಲದೇವತೆಯ ಹೆಸರು ಹೇಳಿ ಒಬ್ಬ ಮುದುಕಿ ನೆಲಕ್ಕೆ ಹಣೆ ಹಚ್ಚಿದಳು. ಎಂದೂ ಏರುದನಿಯಲ್ಲಿ ಮಾತಾಡದ ಭಾವ ಓಡಿಹೋಗಿ ಪೇಢೆ ತಂದು ಕಂಡಕಂಡವರಿಗೆ ಹಂಚತೊಡಗಿದ. ಕೆಳಗಿನ ಅಂತಸ್ತಿನಲ್ಲಿ ಹೆರಿಗೆ ವಾರ್ಡು. ಅಲ್ಲಿ ಒಬ್ಬ ಗೃಹಸ್ಥ ಪೇಢೆ ಕೈಗೆತ್ತಿಕೊಂಡು, ಹುಟ್ಟಿದ್ದು ಗಂಡೋ ಹೆಣ್ಣೋ ಎಂದು ಕೇಳಿದ:

"ಅಭಿನಂದನ! ಮುಲಗಾ ಕೀ ಮುಲಗೀ?"

"ಲಘವೀ!" ಎಂದ ಭಾವ.

ಪೇಢೆ ಆತನ ಬಾಯಿಯ ಹತ್ತಿರ ತಡೆದು ನಿಂತಿತಂತೆ. ವಿಷಯ ತಿಳಿದ ಮೇಲೆ ಆತ ಇನ್ನೊಂದು ಕೇಳಿ ತೆಗೆದುಕೊಂಡ.

ನನಗೆ ಎಚ್ಚರವಾದಾಗ ಮಂಚದ ಪಕ್ಕದಲ್ಲಿ ತೂಗುಹಾಕಿದ ಚೀಲ ತುಂಬುತ್ತಿತ್ತು. ತಿಳಿ ಹಳದಿ ಬಣ್ಣ. ಅಷ್ಟು ಚೆಂದದ ಬಣ್ಣವನ್ನು ನಾನು ಇನ್ನೆಲ್ಲೂ ನೋಡಿಲ್ಲ, ಬೇಕಾದರೆ ನಗಿರಿ. ಅಕ್ಕ ಬೇರೆ ವಾರ್ಡಿನಲ್ಲಿ ನೋವಿನಿಂದ ನರಳುತ್ತಿದ್ದಳು. ನರಳುತ್ತಲೇ ಹೇಳಿ ಕಳಿಸಿದಳು: "ನನ್ನ ಮಗಳನ್ನ ನಿನ್ನ ಮನಿಗೆ ಕೊಟ್ಟಂಗ ಕೊಟ್ಟೇನಿ. ಚಂದಂಗ ನೋಡ್ಕೊ ಅನ್ರಿ ಅವಗ."

ಆ ದಿನದಿಂದ ನಾನು ಬೀಗರ ಕೈಗೆ ಸಿಕ್ಕಿಬಿದ್ದೆ. ಡಾಕ್ಟರು ನೀರು ಚೆನ್ನಾಗಿ ಕುಡಿಯಿರಿ, ಒಣಗಿಸಬೇಡಿ ಎಂದಿದ್ದರು ಅಷ್ಟೇ. ಅದನ್ನು ಜಾರಿಗೆ ತಂದವಳು ಅಕ್ಕ. ಅಂಗಡಿಯ ಫೋನಿಗೆ ಅವಳ ಕರೆ ಬಂದರೆ ಸೇಠಜಿಯೇ ನಗುತ್ತ ನನ್ನತ್ತ ಚಾಚುತ್ತಿದ್ದರು.

"ಏ ಬಸ್ಯಾ, ನನ್ನ ಕಿಡ್ನಿ ಹೆಂಗದ?"

"ಆರಾಮ ಅದ ಅಕ್ಕಾ."

"ನೀನು ಆರಾಮ ಇದ್ದೀಯೋ ಇಲ್ಲೋ ನಾ ಕೇಳಲಿಲ್ಲ. ಅದಕ್ಕ ನೀರು ಕುಡಿಸಿಯೇನು?"

ಮದುವೆ ಮುಂಜಿಗಳಲ್ಲಿ ನಾನು ಎರಡನೆಯ ಜಿಲೇಬಿಗೆ ಕೈ ಹಾಕಿದರೆ, ಪಂಕ್ತಿಯ ಆ ತುದಿಯಿಂದ, "ಬಸ್ಯಾ, ಮೊದಲ ನೀರು!" ಎಂಬ ಕೂಗು ಕೇಳುತ್ತಿತ್ತು. ಅಮಲಿಳಿಸಲು ನೀರು ಕುಡಿಸುತ್ತಾರೆಂದುಕೊಂಡು ಹೊಸಬರು ನನ್ನನ್ನು ಕುಡುಕನೆಂದು ತಿಳಿದದ್ದೂ ಉಂಟು.

ಕೆಲವು ವರ್ಷ ಹೀಗೆ ಬೈಸಿಕೊಂಡು ಸುಖವಾಗಿದ್ದೆ. ಒಂದು ಬೇಸಿಗೆಯ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ಅಕ್ಕ ಎದೆ ಹಿಡಿದುಕೊಂಡು ಕುಳಿತಳಂತೆ, ಮತ್ತೆ ಏಳಲಿಲ್ಲ. ಅವಳು ಕೊಟ್ಟದ್ದಕ್ಕೂ ಇದಕ್ಕೂ ಸಂಬಂಧವಿಲ್ಲ, ಹೃದಯದ್ದು ಬೇರೆಯೇ ಬೇನೆ ಎಂದು ಡಾಕ್ಟರು ನನಗೆ ಬಿಡಿಸಿ ಹೇಳಿದರು. ಹೇಳದಿದ್ದರೆ ನಾನು ಹೇಗಿರುತ್ತಿದ್ದೆನೋ ಗೊತ್ತಿಲ್ಲ.

ವಿಜಾಪುರದ ಕಡೆಯ ನೆಂಟರು ಬರುವವರೆಗೆ ಕಾಯಬೇಕಿತ್ತು. ಮಣ್ಣಾಗುವ ತನಕ ಮನೆಯವರು ನೀರು ಮುಟ್ಟಬಾರದೆಂಬುದು ನಮ್ಮಲ್ಲಿಯ ಪದ್ಧತಿ. ನಾನೂ ಮುಟ್ಟಲಿಲ್ಲ. ಬಿಸಿಲೇರಿತು, ನಾಲಗೆ ಒಣಗಿತು. ಅಕ್ಕನಿಗಾಗಿ ಒಂದು ದಿನವಾದರೂ ಕಷ್ಟಪಡುತ್ತೇನೆಂದು ಹಲ್ಲು ಕಚ್ಚಿ ಕುಳಿತಿದ್ದೆ. ಹೆಣದ ಪಕ್ಕದಲ್ಲಿ ಕುಳಿತಿದ್ದ ಭಾವ ನನ್ನ ಮುಖ ನೋಡಿದ. ಎದ್ದು ಒಳಗೆ ಹೋಗಿ ದೊಡ್ಡ ತಂಬಿಗೆ ತುಂಬ ನೀರು ತಂದು ನನ್ನ ಮುಂದೆ ಹಿಡಿದ.

ಚಿಗವ್ವ ಅಳುವುದನ್ನು ನಿಲ್ಲಿಸಿ, "ಇನ್ನೂ ಮಣ್ಣಾಗಿಲ್ಲ, ಒಡಹುಟ್ಟಿದಾಂವ ನೀರು ಕುಡಿತಾನೇನು?" ಎಂದಳು.

"ಅವಗ ಅಲ್ರಿ ಚಿಗವ್ವ, ನೀಲಾಗ ಕುಡಸಾಕತ್ತೇನಿ" ಎಂದ ಭಾವ. "ಆಕೀದು ಇನ್ನ ಅಷ್ಟs ಉಳದದ. ಕುಡಿ ಬಸೂ."

ತಂಬಿಗೆ ಎತ್ತಿಕೊಂಡೆ. ಕಣ್ಣೀರು ತಂಬಿಗೆಗೇ ಬೀಳುತ್ತಿತ್ತು. ಅದನ್ನೂ ಸೇರಿಸಿ ಕುಡಿದೆ. ಅವ್ವ ಸುಮ್ಮನೆ ಎದ್ದುಹೋಗಿ ಇನ್ನೊಂದು ತಂಬಿಗೆ ತಂದಳು. ಅದನ್ನೂ ಕುಡಿದೆ.

ಮೂತ್ರಪಿಂಡಕ್ಕೆ ಸೂತಕ ಗೊತ್ತಿಲ್ಲ. ಅದು ತನ್ನ ಕೆಲಸ ಶುರು ಮಾಡಿತು. ನೆಂಟರು ಬಂದರು, ಮನೆಯ ಮುಂದಿನ ವಿಧಿಗಳೆಲ್ಲ ಮುಗಿದವು, ಹೆಗಲು ಕೊಡಲು ನಾನು ಬಗ್ಗಿದೆ. ಆ ಗಳಿಗೆಗೇ ಚೀಲದಿಂದ ತಲೆಗೆ ಸುದ್ದಿ ಬಂತು. ಸ್ಮಶಾನ ದೂರ, ದಾರಿಯಲ್ಲಿ ಗೋಡೆಗೆ ನಿಲ್ಲುವ ಹಾಗಿಲ್ಲ. "ತಡೀರಿ!" ಎಂದು ಕೂಗಿಬಿಟ್ಟೆ. ಎತ್ತಿದವರು ಇಳಿಸಿದರು. ತಮ್ಮನಿಗೆ ಅಕ್ಕನನ್ನು ಬಿಡಲು ಮನಸ್ಸಾಗುತ್ತಿಲ್ಲವೆಂದು ಹೆಂಗಸರ ಅಳು ಮುಗಿಲು ಮುಟ್ಟಿತು. ನಾನು ಭಾವನ ಕಿವಿಯಲ್ಲಿ ವಿಷಯ ಹೇಳಿದೆ. ಆತ ತಲೆಯಾಡಿಸಿ, "ಸ್ವಲ್ಪ ನಿಲ್ರಿ, ಒಳಗ ಹೋಗಿ ಬರ್ತಾನ" ಎಂದಷ್ಟೇ ಹೇಳಿದ. ಇಡೀ ಓಣಿ ತಲೆತಗ್ಗಿಸಿ ಕಾಯಿತು.

ಆ ದಿನ ಬಂದಿದ್ದ ಹಿರಿಯರು ಈಗಲೂ ಎದುರಾದರೆ ಬಿಡುವುದಿಲ್ಲ. "ಅಕ್ಕನ ಮ್ಯಾಲ ಭಾಳ ಜೀವ ನೋಡ್ರಿ ಇವನದು, ಎತ್ತಿದ ಹೆಣ ಇಳಸಿದಾಂವ!" ಎಂದು ಜೊತೆಯವರಿಗೆ ನನ್ನನ್ನು ತೋರಿಸುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ಕೈ ಮುಗಿದು ನಿಂತು ಕೇಳಿಸಿಕೊಳ್ಳುತ್ತೇನೆ. ಹೆಚ್ಚು ಹೊತ್ತು ನಿಲ್ಲುವುದಕ್ಕೂ ಆಗುವುದಿಲ್ಲ, ಅಕ್ಕ ಬಿಡುವುದಿಲ್ಲ.