ನಾಲ್ಕು ಡಬ್ಬಿ, ಒಂದು ಗುಳಿಗೆ

ಮೊಮ್ಮಕ್ಕಳೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಡಾಕ್ಟರ ಮುಂದೆ ಸುಳ್ಳು ಹೇಳಿದವಳು. ಒಂದು ಸಲವಲ್ಲ, ಮೂರು ಸಲ. ಸುಳ್ಳು ಹೇಳಬಾರದೆಂದು ನಮ್ಮಿಬ್ಬರನ್ನೂ ಕೂರಿಸಿಕೊಂಡು ಬುದ್ಧಿ ಹೇಳಿದ ಅಜ್ಜಿ ಇವಳೇನಾ ಎಂದು ಅಕ್ಷತಾ ನಗಬಹುದು, ಶಿವು ಅದನ್ನು ಬಳ್ಳಾರಿ ಪೂರ್ತಿ ಹೇಳಿಕೊಂಡು ಬರಬಹುದು. ಹೇಳಲಿ. ನನ್ನ ಸುಳ್ಳುಗಳಿಗೆಲ್ಲ ಕಾರಣ ಒಂದೇ, ನಾಚಿಕೆ. ಹೊಸಬರ ಎದುರು ನನ್ನ ನಾಲಿಗೆ ಒಳಗೇ ಮಡಿಸಿಕೊಂಡು ಕೂರುತ್ತದೆ. ನಿಮ್ಮ ತಾತ ಇದ್ದಾಗ ಈ ತೊಂದರೆ ಇರಲಿಲ್ಲ, ನನಗೆ ಹೊಟ್ಟೆನೋವು ಬಂದರೂ ಡಾಕ್ಟರಿಗೆ ಅವರೇ ಹೇಳುತ್ತಿದ್ದರು. ಎಲ್ಲಿ ನೋವು, ಹೇಗೆ ನೋವು ಎಂದು ಎಷ್ಟು ಚೆನ್ನಾಗಿ ವಿವರಿಸುತ್ತಿದ್ದರೆಂದರೆ ಒಮ್ಮೆ ಕಲ್ಯಾಣದುರ್ಗದ ಡಾಕ್ಟರೊಬ್ಬರು ಅವರನ್ನೇ ಮಲಗಿಸಿ ಹೊಟ್ಟೆ ಒತ್ತಿ ನೋಡಿದ್ದರು. ತಾತ ಹೋದ ಮೇಲೆ ನನ್ನ ನೋವುಗಳಿಗೆ ಮಾತೇ ಇಲ್ಲದಂತಾಯಿತು.

ನನ್ನ ಕೈ ನಡುಕವೂ ಹಾಗೇ ಬಹಳ ದಿನ ಯಾರಿಗೂ ಗೊತ್ತಾಗಲಿಲ್ಲ. ಅದಕ್ಕೆ ನಿಮ್ಮ ಮಾವನ ಪ್ಯಾಂಟಿನ ಯೂನಿಟ್ಟೂ ಕಾರಣ. ರಾಯದುರ್ಗದಲ್ಲಿ ಅರ್ಧ ಊರು ಜೀನ್ಸ್ ಹೊಲಿಯುತ್ತದೆ, ನಮ್ಮ ಮನೆಯಲ್ಲಿ ನೆಲಮಹಡಿ ಪೂರ್ತಿ ಮಿಷನ್‌ಗಳೇ. ಅವು ಒಟ್ಟಿಗೆ ಓಡುವಾಗ ಮೇಲಿನ ಮನೆಯಲ್ಲಿ ಗೂಡಿನ ಲೋಟ, ಗೋಡೆಯ ಫೋಟೋ, ಎಲ್ಲ ಸಣ್ಣಗೆ ನಡುಗುತ್ತಿರುತ್ತವೆ. ಇಷ್ಟೆಲ್ಲ ನಡುಗುವಾಗ ಮುದುಕಿಯ ಎಡಗೈಯನ್ನು ಯಾರು ಗಮನಿಸುತ್ತಾರೆ? ಒಂದು ಭಾನುವಾರ ಮಿಷನ್ ಎಲ್ಲ ನಿಂತಿದ್ದವು. ನಾನು ಚಹಾ ಕುಡಿಯುತ್ತಿದ್ದೆ. ನಿಮ್ಮ ಮಾವ ಬಸವರಾಜ ಪೇಪರ್ ಕೆಳಗಿಟ್ಟು ಕೇಳಿದ, "ಅವ್ವಾ, ಮಿಷನ್ ಬಂದ್ ಅದಾವಲ್ಲ, ನಿನ್ನ ಲೋಟ ಯಾಕ ಅಲ್ಲಾಡ್ತೈತಿ?"

ಬಳ್ಳಾರಿಯ ಡಾಕ್ಟರು ನನ್ನನ್ನು ನಡೆಸಿ, ತಿರುಗಿಸಿ, ಬೆರಳು ತಟ್ಟಿಸಿ, ಪಾರ್ಕಿನ್ಸನ್ ಎಂದರು. ದಿನಕ್ಕೆ ಮೂರು ಗುಳಿಗೆ ಬರೆದುಕೊಟ್ಟರು. ಊಟಕ್ಕೆ ಅರ್ಧ ಗಂಟೆ ಮುಂಚೆ, ಬರೀ ನೀರಿನಲ್ಲಿ ಎಂದರು. ಮೊದಲ ಎರಡು ತಿಂಗಳು ಕೈ ಎಷ್ಟೋ ಹಿಡಿತಕ್ಕೆ ಬಂತು. ಹಾಗೇ ಬಿಟ್ಟಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆದರೆ ಸುದ್ದಿ ನಾಲ್ಕು ಜನಕ್ಕೆ ತಿಳಿಯಿತು, ನಾಲ್ಕು ಡಬ್ಬಿ ಬಂದವು.

ಮೊದಲನೆಯದು ಬಸವರಾಜನದು. ಬಕೆಟ್ಟಿನಷ್ಟು ದೊಡ್ಡ ಡಬ್ಬಿ, ಅದರ ಮೇಲೆ ಅಂಗಿಯಿಲ್ಲದ ಒಬ್ಬ ಗಂಡಸು ತೋಳು ಮಡಿಸಿ ನಿಂತಿದ್ದಾನೆ. ಪ್ರೋಟೀನ್ ಪುಡಿಯಂತೆ, ಹಾಲಿಗೆ ಎರಡು ಚಮಚ. ಆ ಚಿತ್ರ ದೇವರ ಗೂಡಿನ ಕಡೆ ಮುಖ ಮಾಡದ ಹಾಗೆ ಡಬ್ಬಿಯನ್ನು ದಿನಾ ತಿರುಗಿಸಿ ಇಡುವುದೇ ನನಗೊಂದು ಕೆಲಸವಾಯಿತು. ಎರಡನೆಯದು ಸೊಸೆ ಸುಮಾ ತಂದ ಕಬ್ಬಿಣದ ಅಂಶದ ಟಾನಿಕ್. "ಅತ್ತಿ, ನಿಮಗ ರಕ್ತ ಕಮ್ಮಿ ಐತ್ರಿ. ಕಣ್ಣು ನೋಡ್ರಿ, ಹೆಂಗ ಬೆಳ್ಳಗಾಗ್ಯಾವ!" ಎಂದು ತಾನೇ ಮುಚ್ಚಳಕ್ಕೆ ಸುರಿದು ಕುಡಿಸುತ್ತಿದ್ದಳು.

ಮೂರನೆಯದು ಇಲ್ಲೇ ನಮ್ಮ ಸೀಮೆಯ ರತ್ನಗಿರಿ ಹಳ್ಳಿಯಿಂದ ಬಂತು, ನನ್ನ ತಂಗಿ ಗೌರಿಯಿಂದ. ಅವಳನ್ನು ನಮ್ಮ ಹುಟ್ಟಿದೂರಲ್ಲೇ ಕೊಟ್ಟಿರುವುದರಿಂದ ಆ ಊರಿನ ಗಿಡಗಂಟಿಗಳೆಲ್ಲ ತನ್ನವೇ ಎಂಬಂತೆ ಮಾತಾಡುತ್ತಾಳೆ. "ಇಂಗ್ಲಿಷ್ ಮಾತ್ರೆ ಬರೀ ಇಸ ಕಣಕ್ಕ. ಇದು ನಸುಗುನ್ನಿ ಬೀಜದ ಪುಡಿ. ನಮ್ಮ ಪಂಡಿತ್ರು ಹಾಲಲ್ಲಿ ಬೇಯ್ಸಿ, ಸಿಪ್ಪೆ ತೆಗ್ದು ಮಾಡವ್ರೆ. ಒಂದೇ ತಿಂಗ್ಳು, ನಿನ್ ಕೈ ಕಲ್ಲಾಯ್ತದೆ ನೋಡು," ಎಂದಳು. ನಸುಗುನ್ನಿ ಎಂದಕೂಡಲೇ ನನ್ನ ಮೈಯೆಲ್ಲ ಜುಮ್ಮೆಂದಿತು. ಆ ಕಾಯಿಯ ಮೇಲಿನ ನವಿರು ತಗುಲಿದರೆ ಹೇಗೆ ತುರಿಸುತ್ತದೆಂದು ನಿಮಗೆ ಗೊತ್ತಿಲ್ಲ. ನಾನು ಆರನೇ ತರಗತಿಯಲ್ಲಿದ್ದಾಗ ಯಾರೋ ಅದನ್ನು ನಮ್ಮ ಬೆಂಚಿಗೆ ಸವರಿದ್ದರು. ಉಳಿದ ಹುಡುಗಿಯರೆಲ್ಲ ಕೆರೆದುಕೊಳ್ಳುತ್ತಾ ಬಾವಿ ಕಡೆಗೆ ಓಡಿದರು. ಎಲ್ಲರೆದುರು ಕೆರೆದುಕೊಳ್ಳಲು ನಾಚಿಕೆಯಾಗಿ ನಾನೊಬ್ಬಳೇ ಕೈ ಕಟ್ಟಿಕೊಂಡು, ಹಲ್ಲು ಕಚ್ಚಿಕೊಂಡು ಗಂಟೆ ಹೊಡೆಯುವವರೆಗೆ ಕೂತಿದ್ದೆ. ಮೇಷ್ಟ್ರು ಅವತ್ತು ಶಿಸ್ತೆಂದರೆ ಇದು ಎಂದು ನನ್ನನ್ನು ತೋರಿಸಿ ಹೊಗಳಿದರು. ನಾನು ಶಾಲೆಯಲ್ಲಿ ಪಡೆದ ಹೊಗಳಿಕೆ ಅದೊಂದೇ.

ನಾಲ್ಕನೆಯದು ಎದುರುಮನೆ ಲಲಿತಮ್ಮನದು. ಅವರದು ತೆಲುಗು, ನನ್ನನ್ನು ವದಿನಾ ಎನ್ನುತ್ತಾರೆ, ಅಂದರೆ ಅತ್ತಿಗೆ. "ವದಿನಾ, ಇದಿ ಗುಂಡೆಕಿ, ಮೆದಡುಕಿ, ರೆಂಡಿಟಿಕೀ ಮಂಚಿದಿ," ಎಂದು ಗುಂಡಿಗೆಗೂ ಮೆದುಳಿಗೂ ಒಟ್ಟಿಗೇ ಆಗುವಂಥ ಒಂದು ಸೀಸೆ ಕೊಟ್ಟರು. ಒಳಗೆ ಜೇನುಹನಿಯ ಹಾಗೆ ಹೊಳೆಯುವ ಕ್ಯಾಪ್ಸೂಲ್‌ಗಳು. ಹನ್ನೆರಡು ದಿನ ನುಂಗಿದೆ. ರಜೆಗೆ ಬಂದ ಅಕ್ಷತಾ ಸೀಸೆ ತಿರುಗಿಸಿ, "ಅಜ್ಜಿ, ಇದರ ಮೇಲೆ ಮೀನು ಯಾಕಿದೆ?" ಎಂದಳಲ್ಲ, ನೆನಪಿದೆಯಾ? ಅಲ್ಲಿಯವರೆಗೆ ನಾನು ಅದನ್ನು ಬೇವಿನೆಲೆ ಅಂದುಕೊಂಡಿದ್ದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಹನ್ನೆರಡು ದಿನ ಮೀನೆಣ್ಣೆ! ಅವತ್ತು ನಾನು ಎರಡನೇ ಸಲ ಸ್ನಾನಕ್ಕೆ ಯಾಕೆ ಹೋದೆ ಎಂದು ಈಗ ನಿಮಗೆ ತಿಳಿದಿರಬೇಕು. ಲಲಿತಮ್ಮನಿಗೆ ಹೇಳಿದೆನೇ? ಇಲ್ಲ. ಅವರು ಬಂದಾಗಲೆಲ್ಲ ಸೀಸೆಯನ್ನು ಕೈಯಲ್ಲಿ ಹಿಡಿದು ಕೂರುತ್ತಿದ್ದೆ. ನನ್ನ ಕೈಯಲ್ಲಿ ಅದು ತಾನಾಗಿಯೇ ಸದ್ದು ಮಾಡುವುದರಿಂದ ಅವರಿಗೆ ನಂಬಿಕೆ ಬರುತ್ತಿತ್ತು.

ಇಷ್ಟಾದರೂ ಹೇಗೋ ಸಾಗುತ್ತಿತ್ತು. ನಾನು ಮಾಡಿದ ನಿಜವಾದ ತಪ್ಪು ಬೇರೆ. ಯಾರು ಹೇಗಿದೆ ಎಂದು ಕೇಳಿದರೂ ಅವರು ಕೊಟ್ಟಿದ್ದರಿಂದಲೇ ಗುಣ ಎಂದುಬಿಡುತ್ತಿದ್ದೆ. ಬಸವರಾಜನಿಗೆ, ತೋಳಿಗೆ ಬಲ ಬಂದಂಗೈತೆಪ್ಪಾ ಎಂದೆ. ಅವನು ಇನ್ನೂ ದೊಡ್ಡ ಡಬ್ಬಿ ತಂದ. ಗೌರಿಗೆ ಫೋನಿನಲ್ಲಿ, ನಿನ್ನ ಪುಡಿಯಿಂದಲೇ ನಾನು ಎದ್ದು ಓಡಾಡೋದು ಎಂದೆ. ಅವಳು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಇನ್ನೆರಡು ಡಬ್ಬಿ ಕಳಿಸಿದಳು. ಹೀಗೆ ಬೆಳಗಿನ ಪೂಜೆ ಮುಗಿಯುತ್ತಲೇ ಹಾಲು, ಪುಡಿ, ಟಾನಿಕ್, ಇನ್ನೊಂದು ಪುಡಿ, ಜೊತೆಗೆ ಡಾಕ್ಟರ ಗುಳಿಗೆ, ಎಲ್ಲವೂ ಒಂದೇ ಸಲ ನನ್ನ ಹೊಟ್ಟೆಗೆ ಇಳಿಯುತ್ತಿದ್ದವು. ಅರ್ಧ ಗಂಟೆಯ ಮಾತು ಎಲ್ಲೋ ಮರೆತುಹೋಯಿತು.

ಕೈ ಮಾತ್ರ ಮತ್ತೆ ನಡುಗತೊಡಗಿತು. ಡಾಕ್ಟರು ಗುಳಿಗೆ ಹೆಚ್ಚಿಸಿದರು. ಪ್ರತಿ ಸಲವೂ ಕೇಳುತ್ತಿದ್ದರು, "ಇದು ಬಿಟ್ಟು ಬ್ಯಾರೆ ಏನರ ತಗೋತೀರೇನಮ್ಮಾ?" ಪಕ್ಕದಲ್ಲಿ ಮಗ, ಹಿಂದೆ ಸೊಸೆ, ಬಾಗಿಲಲ್ಲಿ ಮುಂದಿನ ಪಾಳಿಯವರ ತಲೆಗಳು. ನಾಲ್ಕು ಡಬ್ಬಿಗಳ ಹೆಸರನ್ನು ಗಟ್ಟಿಯಾಗಿ ಹೇಳುವುದುಂಟೇ? "ಇಲ್ರಿ," ಎನ್ನುತ್ತಿದ್ದೆ. ಅದೇ ನಾನು ಹೇಳಿದ ಆ ಮೂರು ಸುಳ್ಳು.

ನಡುಗಿದರೆ ನಡುಗಲಿ ಎಂದು ನಾನು ಸುಮ್ಮನಿದ್ದುಬಿಡುತ್ತಿದ್ದೆ. ಲೋಟ ಅಲ್ಲಾಡಿದರೆ ಅರ್ಧ ಲೋಟ ಕುಡಿದರಾಯಿತು. ಆದರೆ ನಮ್ಮಲ್ಲಿ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡೇ ಪೂಜೆ ಮಾಡಬೇಕು. ನಿಮ್ಮ ಮುತ್ತಜ್ಜಿ ನನ್ನ ಅಂಗೈ ಹಿಡಿದು ಕಲಿಸಿದ್ದದು, ಒಂದು ದಿನವೂ ತಪ್ಪಿಸಿಲ್ಲ. ನಿಮ್ಮ ತಾತ ಹೋದ ಮೇಲೆ ದಿನದಲ್ಲಿ ನನಗೆ ನನ್ನದೆಂದು ಉಳಿದ ಹೊತ್ತು ಅದೊಂದೇ. ಮೊಣಕೈ ಕೆಳಗೆ ಟವೆಲ್ ಸುತ್ತಿಟ್ಟುಕೊಂಡು ನೋಡಿದೆ. ಬಲಗೈಯಿಂದ ಎಡಗೈ ಹಿಡಿದುಕೊಂಡರೆ ವಿಭೂತಿ ಹಚ್ಚುವುದು ಯಾವ ಕೈಯಲ್ಲಿ? ಬಸವರಾಜ, "ಅವ್ವಾ, ತಾಟಿನಾಗ ಇಟ್ಟು ಮಾಡು, ಏನಾಗ್ತೈತಿ," ಎಂದ. ನನ್ನ ಮುಖ ನೋಡಿ ಆ ಮಾತು ಅಲ್ಲಿಗೇ ಬಿಟ್ಟ. ಒಂದು ಬೆಳಿಗ್ಗೆ ಲಿಂಗ ಅಂಗೈಯಿಂದ ಜಾರಿಯೇಬಿಟ್ಟಿತು. ಸೆರಗಿನ ಮಡಿಲಲ್ಲಿ ನಿಂತಿತು, ನೆಲಕ್ಕೆ ಬೀಳಲಿಲ್ಲ. ನಾನು ಯಾರಿಗೂ ಹೇಳಲಿಲ್ಲ.

ಡಬ್ಬಿಗಳ ವಿಷಯ ಬಾಯಲ್ಲಿ ಹೇಳಲಾಗದಿದ್ದರೆ ಡಾಕ್ಟರಿಗೆ ಬರೆದು ಕೊಡೋಣ ಎಂದುಕೊಂಡೆ. ಈ ರೋಗದಲ್ಲಿ ಅಕ್ಷರವೂ ಕುಗ್ಗುತ್ತದೆ. ಮೊದಲ ಸಾಲು ಕಡಲೆಕಾಯಿಯಷ್ಟು ಇದ್ದದ್ದು ಕೊನೆಯ ಸಾಲಿಗೆ ಸಾಸಿವೆಯಾಯಿತು. (ಇದನ್ನು ಶಿವು ಬಿಟ್ಟುಹೋದ ಎರಡು ಗೆರೆಯ ಕಾಪಿ ಪುಸ್ತಕದಲ್ಲಿ ಬರೆಯುತ್ತಿದ್ದೇನೆ, ಗೆರೆ ಮುಟ್ಟಲೇಬೇಕಾದ್ದರಿಂದ ಅಕ್ಷರ ಕುಗ್ಗುವುದಿಲ್ಲ.) ಚೀಟಿಯನ್ನು ಗುಟ್ಟಾಗಿ ಡಾಕ್ಟರ ಕೈಗೆ ಕೊಡುವುದು ನನ್ನ ಉಪಾಯ. ಆದರೆ ಆವತ್ತೇ ಗೌರಿ ನೇಮಕಲ್ಲು ಆಂಜನೇಯನ ದರ್ಶನಕ್ಕೆಂದು ಬಂದವಳು, "ನಾನೂ ಬತ್ತೀನಿ ಕಣಕ್ಕ, ಡಾಕ್ಟ್ರು ಏನಂತಾರೋ ಕೇಳಾನ," ಎಂದು ಕಾರು ಹತ್ತಿದಳು. ಡಾಕ್ಟರ ಕೋಣೆಯಲ್ಲಿ ಮಗ, ಸೊಸೆ, ತಂಗಿ, ಮೂವರೂ ಸಾಲಾಗಿ ಕೂತರು. ನಾನು ಮೇಜಿನ ಕೆಳಗಿನಿಂದ ಚೀಟಿ ಚಾಚಿದೆ. ಆ ಮಹಾರಾಯರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದತೊಡಗಿದರು!

"ಬಸವರಾಜನ ಪುಡಿ, ಬೆಳಿಗ್ಗೆ ಹಾಲಿನಲ್ಲಿ. ಸುಮಾಳ ಕೆಂಪು ಟಾನಿಕ್, ಅದರ ಮೇಲೆ. ಗೌರಿಯ ನಸುಗುನ್ನಿ, ಅದರ ಮೇಲೆ. ಲಲಿತಮ್ಮನ ಮೀನು, ಈಗ ಬಿಟ್ಟಿದ್ದೇನೆ."

ಗೌರಿಗೆ ಮೊದಲು ಬಾಯಿ ಬಂತು. "ಅಲ್ಲ ಕಣಕ್ಕ, ನನ್ ಪುಡಿಯಿಂದ್ಲೇ ಎದ್ದು ಓಡಾಡ್ತೀನಿ ಅಂದಿದ್ಯಲ್ಲ?"

"ನನ್ನ ಡಬ್ಬಿಯಿಂದ ಬಲ ಬಂದೈತಿ ಅಂದಿದ್ದಿ ಅವ್ವಾ!"

"ಟಾನಿಕ್‌ನಿಂದ ಮುಖಕ್ಕ ಕಳೆ ಬಂತು ಅಂತ ನನಗ ಹೇಳಿದ್ರಲ್ರಿ ಅತ್ತಿ," ಎಂದ ಸುಮಾ ಸೆರಗು ಬಾಯಿಗೆ ಒತ್ತಿಕೊಂಡಳು. ನಗು ತಡೆಯಲಾಗದೆ ಭುಜ ಕುಣಿಯುತ್ತಿತ್ತು.

ಡಾಕ್ಟರು ಕನ್ನಡಕ ತೆಗೆದು ಕೇಳಿದರು, "ಮತ್ತ ಇವರೊಳಗ ಖರೇ ಯಾರಿಗೆ ಹೇಳೀರಮ್ಮಾ?"

"ಯಾರಿಗೂ ಇಲ್ರಿ," ಎಂದೆ. ಆಸ್ಪತ್ರೆಯೊಂದರಲ್ಲಿ ನಾನು ಹೇಳಿದ ಮೊದಲ ನಿಜ ಅದು.

ಆಮೇಲೆ ಅವರು ತಾಳ್ಮೆಯಿಂದ ತಿಳಿಸಿದರು. ಪ್ರೋಟೀನ್ ಕೆಟ್ಟದ್ದಲ್ಲವಂತೆ, ಆದರೆ ಅದೂ ಗುಳಿಗೆಯೂ ಒಂದೇ ಬಾಗಿಲಿನಿಂದ ಒಳಗೆ ಹೋಗಬೇಕು. "ರಾಯದುರ್ಗದ ಬಸ್ಸಿಗೆ ಜನ ನುಗ್ತಾರಲ್ಲ, ಹಂಗ. ದಪ್ಪನವರೆಲ್ಲ ಮೊದಲು ಹತ್ತಿದ್ರು, ಪಾಪ ಗುಳಿಗಿ ಸ್ಟ್ಯಾಂಡಿನಾಗ ಉಳೀತು. ಸದ್ಯಕ್ಕ ಪುಡಿ ಬಿಡ್ರಿ." ಟಾನಿಕ್ಕಿನ ಕಬ್ಬಿಣವೂ ಗುಳಿಗೆಯನ್ನು ಹಿಡಿದು ನಿಲ್ಲಿಸುತ್ತದಂತೆ, ರಕ್ತಪರೀಕ್ಷೆ ಮಾಡಿಸಿ ಬೇಕಿದ್ದರೆ ಬೇರೆ ಹೊತ್ತಿನಲ್ಲಿ ಕುಡಿಯಬೇಕು. ಮೀನೆಣ್ಣೆಯಿಂದ ಈ ರೋಗಕ್ಕೆ ಉಪಯೋಗ ಎಂದು ಖಚಿತವಾಗಿಲ್ಲ, ಬಿಟ್ಟದ್ದೇ ಸರಿ. ನಸುಗುನ್ನಿಯ ಸರದಿ ಬಂದಾಗ ಗೌರಿ ಜಗಳಕ್ಕೆ ಸಿದ್ಧಳಾಗಿ ಮುಂದೆ ಸರಿದು ಕೂತಳು. ಡಾಕ್ಟರು ನಗಲಿಲ್ಲ. "ನಿಮ್ಮ ಪಂಡಿತರು ಸುಳ್ಳು ಹೇಳಿಲ್ಲಮ್ಮ. ನನ್ನ ಗುಳಿಗಿಯಾಗ ಇರೋ ಸರಕೇ ಅದರಾಗೂ ಐತಿ. ಆದ್ರ ಒಂದು ಚಮಚದಾಗ ಎಷ್ಟೈತಿ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಎರಡೂ ಸೇರಿಸಿದ್ರ ಯಾವಾಗ ಹೆಚ್ಚಾತು, ಯಾವಾಗ ಕಮ್ಮಿ ಆತು ಅಂತ ಹೆಂಗ ಹೇಳಲಿ?" ಎಂದರು. ಗೌರಿಗೆ ಅಷ್ಟು ಮರ್ಯಾದೆ ಸಾಕಾಯಿತು. ದಾರಿಯುದ್ದಕ್ಕೂ ಡಾಕ್ಟ್ರೇ ಒಪ್ಕಂಡ್ರು ನೋಡು ಎನ್ನುತ್ತಾ ಬಂದಳು. ರಕ್ತಪರೀಕ್ಷೆಯಲ್ಲಿ ಕಬ್ಬಿಣ ಸರಿಯಾಗಿತ್ತು, ವಿಟಮಿನ್ ಡಿ ಕಮ್ಮಿ ಇತ್ತು. ಹೀಗೆ ನಾಲ್ಕು ಡಬ್ಬಿ ತೆಗೆಸಿದ ಡಾಕ್ಟರು ತಾವೇ ಐದನೆಯದನ್ನು ಬರೆದುಕೊಟ್ಟರು.

ಉಳಿದದ್ದು ಪೂಜೆಯ ಮಾತು. ಕೈ ಯಾವಾಗ ಹೆಚ್ಚು ನಡುಗುತ್ತದೆ ಎಂದು ಕೇಳಿದರು. ಬೆಳಿಗ್ಗೆ, ಪೂಜೆಯಲ್ಲಿ. ಗುಳಿಗೆ ಯಾವಾಗ? ಪೂಜೆ ಆದ ಮೇಲೆ. "ಔಷಧಿ ಕೊಡೋಕ ಮುಂಚೆನ ಕೈಗೆ ಕೆಲಸ ಹೇಳ್ತೀರಿ! ಎದ್ದ ಕೂಡ್ಲೆ ಗುಳಿಗಿ ತಗೊಂಡು, ಆಮೇಲೆ ಕೂಡ್ರಿ," ಎಂದರು. ಲಿಂಗಪೂಜೆಗೆ ಮುಂಚೆ ನಾನು ನೀರು ಕೂಡ ಮುಟ್ಟುವವಳಲ್ಲ. ಪೂಜೆಗಾಗಿ ಕೈ ಬೇಕು, ಕೈಗಾಗಿ ಪೂಜೆಯ ನೇಮ ಮುರಿಯಬೇಕು. ಎರಡು ದಿನ ಗುಳಿಗೆಯ ಮುಂದೆ ಕೂತು ಎದ್ದೆ. ಕೊನೆಗೆ ಸುಮಾ ನನ್ನನ್ನು ಮಠಕ್ಕೆ ಕರೆದುಕೊಂಡು ಹೋಗಿ, ನನ್ನ ಪರವಾಗಿ ತಾನೇ ಕೇಳಿದಳು. ಅಯ್ಯನವರು ನನ್ನ ಕೈ ನೋಡಿದರು. "ಕೈ ನಿಂತ್ರ ತಾನ ತಾಯಿ, ಲಿಂಗ ನಿಲ್ಲೋದು? ಗುಳಿಗಿನೂ ಪೂಜಾ ಸಾಮಾನು ಅಂತ ತಿಳ್ಕೊಳ್ರಿ. ವಿಭೂತಿ, ಪತ್ರಿ, ಗುಳಿಗಿ," ಎಂದರು.

ಈಗ ಬೆಳಿಗ್ಗೆ ಸ್ನಾನ ಮಾಡಿ, ಒಂದು ಗುಟುಕು ನೀರಿನಲ್ಲಿ ಗುಳಿಗೆ ನುಂಗಿ, ದೇವರ ಮುಂದೆ ಕೂರುತ್ತೇನೆ. ಅದು ಕೈಗೆ ಇಳಿಯಲು ಅರ್ಧ ಗಂಟೆಯಾದರೂ ಬೇಕು. ಆಮೇಲೆ ಲಿಂಗ ತೆಗೆದು ಅಂಗೈಯಲ್ಲಿ ಇಟ್ಟುಕೊಳ್ಳುತ್ತೇನೆ. ಕೈ ಪೂರ್ತಿ ನಿಂತಿದೆ ಎಂದರೆ ಮತ್ತೆ ಸುಳ್ಳಾಗುತ್ತದೆ. ಗಾಳಿ ನಿಂತ ಮೇಲೂ ಕೆರೆಯ ಅಂಚಿನಲ್ಲಿ ನೀರು ಸ್ವಲ್ಪ ಮಿಸುಕುತ್ತದಲ್ಲ, ಅಷ್ಟಿದೆ. ಲಿಂಗ ಕೂತ ಜಾಗದಲ್ಲೇ ಕೂತಿರುತ್ತದೆ. ನನಗೆ ಅಷ್ಟು ಸಾಕು.

ತೊಂದರೆ ಬಂದಿರುವುದು ಆ ಅರ್ಧ ಗಂಟೆಯಿಂದ. ಗುಳಿಗೆ ಇಳಿಯುವವರೆಗೆ ಬೇರೇನು ಮಾಡುವುದೆಂದು ತಿಳಿಯದೆ ಸುಮ್ಮನೆ ಕಣ್ಣು ಮುಚ್ಚಿ ಕೂತಿರುತ್ತೇನೆ. ಹೂ ಕೊಡಲು ಬಂದ ಲಲಿತಮ್ಮ ಒಂದು ದಿನ ಇದನ್ನು ಕಂಡರು. ಮರುದಿನ ಬಂದು ಸದ್ದಿಲ್ಲದೆ ಪಕ್ಕದಲ್ಲಿ ಕೂತರು. ಈಗ ನಮ್ಮ ಓಣಿಯ ಮೂವರು ಹೆಂಗಸರು ಬೆಳಿಗ್ಗೆ ಬಂದು ನನ್ನ ಹಿಂದೆ ಕಣ್ಣು ಮುಚ್ಚಿ ಕೂರುತ್ತಾರೆ. ನಾನು ಗುಳಿಗೆಗೆ ಕಾಯುತ್ತಿದ್ದೇನೆ ಎಂದು ಹೇಳಿಬಿಡಬೇಕೆಂದು ದಿನಾ ಅಂದುಕೊಳ್ಳುತ್ತೇನೆ. ನಿನ್ನೆ ಲಲಿತಮ್ಮ ನನ್ನ ಕಾಲು ಮುಟ್ಟಿ, "ವದಿನಾ, ಅಷ್ಟು ಹೊತ್ತು ಕಣ್ಣು ಮುಚ್ಚಿದಾಗ ನಿಮಗೆ ಏನು ಕಾಣುತ್ತೆ?" ಎಂದು ತಮ್ಮ ತೆಲುಗಿನಲ್ಲಿ ಕೇಳಿದರು. ನಾನು ತಲೆ ತಗ್ಗಿಸಿದೆ. ಅದನ್ನೂ ಅವರು ವಿನಯ ಅಂದುಕೊಂಡರು. ನಿಮಗೆ ಮಾತ್ರ ಹೇಳುತ್ತೇನೆ: ನನಗೆ ಕಾಣುವುದು ಎದುರಿನ ಗೋಡೆ ಗಡಿಯಾರದ ದೊಡ್ಡ ಮುಳ್ಳು. ಅದೂ ಒಂದು ಕಣ್ಣನ್ನು ಚೂರು ತೆರೆದಾಗ.