ಹಾಲ್‌ನಲ್ಲಿ ತುಳಿದ ಮುನ್ನೂರು ಮೈಲಿ

ಎಲ್ಲಕ್ಕೂ ಮೂಲ ಒಂದು ಸಣ್ಣ ಸುಳ್ಳು. ಎರಡು ಸಾವಿರದ ಎರಡರ ಅಕ್ಟೋಬರಿನಲ್ಲಿ ಹನ್ನೊಂದು ತುಂಬಿದ ಧೃತಿ, ಹುಟ್ಟುಹಬ್ಬದ ಸೈಕಲ್ಲಿನ ಬೆಲ್ ಬಾರಿಸುತ್ತಾ, "ಅಪ್ಪಾ, ನಿಂಗೆ ಸೈಕಲ್ ಬರುತ್ತಾ?" ಎಂದು ಕೇಳಿದಳು.

"ಬರುತ್ತಾ ಅಂತ ಕೇಳ್ತೀಯಲ್ಲೇ! ಮೈಸೂರಲ್ಲಿ ಎರಡೂ ಕೈ ಬಿಟ್ಟು ಹೊಡೀತಿದ್ದೆ" ಎಂದುಬಿಟ್ಟ ತಿರುಮಲೇಶ.

"ಹಾಗಾದ್ರೆ ಸಂಡೇ ಇಬ್ರೂ ಪಾರ್ಕಿಗೆ!"

ಮಂಡಿ ತರಚೀತೆಂದು ಅವನ ಅಜ್ಜಿ ಅವನನ್ನು ಸೈಕಲ್ಲಿನ ನೆರಳಿಗೂ ಬಿಟ್ಟವಳಲ್ಲ. ಮರುದಿನವೇ ಅವನು ಒಂದು ಸೈಕಲ್ಲನ್ನೂ, ಅದರ ಹಿಂದಿನ ಚಕ್ರವನ್ನು ಎತ್ತಿ ಹಿಡಿಯುವ ಕಬ್ಬಿಣದ ಸ್ಟ್ಯಾಂಡನ್ನೂ ತಂದು ಲಂಡನ್ನಿನ ಕೊಲಿಂಡೇಲಿನ ಫ್ಲ್ಯಾಟಿನ ಹಾಲ್‌ನಲ್ಲಿ ನಿಲ್ಲಿಸಿದ. ಚಳಿಗಾಲವೆಲ್ಲ ಗಾಣದೆತ್ತಿನಂತೆ ತುಳಿದ. ಎತ್ತಾದರೂ ಸುತ್ತುತ್ತದೆ, ಇವನು ಅಂಗುಲ ಕದಲದೆ ಮೀಟರಿನಲ್ಲಿ ಮುನ್ನೂರು ಮೈಲಿ ದಾಟಿದ. ಇಳಿದ ಕೂಡಲೇ ಹೆಂಡತಿ ವೇದಾ ಹ್ಯಾಂಡಲ್ಲಿಗೆ ಒದ್ದೆ ಟವೆಲ್ ಹರವುತ್ತಿದ್ದಳು.

ಮಗಳ ಹೊಸ ಸೈಕಲ್ಲು ಮೆಟ್ಟಿಲ ಕೆಳಗೇ ಕಾಯುತ್ತಿತ್ತು. ಪ್ರತಿ ಭಾನುವಾರ ಅವಳು ಹೆಲ್ಮೆಟ್ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು.

"ಟುಡೇ, ಅಪ್ಪಾ?"

"ಚಳಿ ಕಳೀಲಿ ಪುಟ್ಟಿ. ಮುಂದಿನ ವಾರ."

ಜನವರಿಯ ಒಂದು ಭಾನುವಾರ ಹಾಳು ಬಿಸಿಲು ಬಂತು. ನೆಪಗಳೆಲ್ಲ ಮುಗಿದಿದ್ದವು. ಮುನ್ನೂರು ಮೈಲಿ ತುಳಿದವನಿಗೆ ಪಾರ್ಕು ಯಾವ ಮಹಾ ಎಂದು ಅವನು ಸೈಕಲ್ಲನ್ನು ಕೆಳಗಿಳಿಸಿದ.

ಗೇಟಿನ ಬಳಿ ಮೇಲಿನ ಮನೆಯ ನಿವೃತ್ತ ಡಾಕ್ಟರ್ ಗೋಪೀನಾಥರು ಅಡ್ಡ ನಿಂತರು. "ಏನ್ರೀ ಇದು, ಹೊಸ ಗಾಡೀನ ಪೂಜೆ ಇಲ್ದೇ ರೋಡಿಗೆ ಇಳಿಸೋದೇ?"

"ಗಾಡಿ ಅಲ್ಲ ಡಾಕ್ಟ್ರೇ, ಸೈಕಲ್ಲು."

"ಚಕ್ರ ಇದೆಯೋ ಇಲ್ವೋ? ಶೋಭಾ, ತೆಂಗಿನಕಾಯಿ ತಾರೇ!"

ಅವರ ಹೆಂಡತಿ ಶೋಭಮ್ಮ ಕುಂಕುಮ ಹಚ್ಚಿ, ಹ್ಯಾಂಡಲ್ಲಿಗೆ ಹಾರ ಹಾಕಿದರು. ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ಹಾರ ನೋಡಿ, ತೀರಿಕೊಂಡವರು ಯಾರೆಂದು ಮೆತ್ತಗೆ ವಿಚಾರಿಸಿದಳು. ಎರಡೂ ಚಕ್ರದಡಿ ನಿಂಬೆಹಣ್ಣು ಬಂತು. ಒಡೆದ ಕಾಯಿಯ ನೀರು ದಾರಿಯ ಬಲಕ್ಕೆ ಹರಿಯಿತು. ಡಾಕ್ಟರರ ಉದ್ದನೆಯ ಮಂತ್ರ ಮುಗಿಯುವಷ್ಟರಲ್ಲಿ ಅದು ನೆರಳಿನ ಚಳಿಗೆ ಕನ್ನಡಿಯಂತೆ ಹೆಪ್ಪುಗಟ್ಟಿತ್ತು.

"ಹತ್ರೀ! ನಿಂಬೆಹಣ್ಣು ಅಪ್ಪಚ್ಚಿ ಆಗ್ಬೇಕು!"

ತಿರುಮಲೇಶ ಹತ್ತಿ ತುಳಿದ. ಮೂರು ತಿಂಗಳು ಗೂಟಕ್ಕೆ ಕಟ್ಟಿದ್ದ ಹೋರಿಯ ಹಗ್ಗ ಬಿಚ್ಚಿದಂತಾಯಿತು. ಸೈಕಲ್ಲು ಒಮ್ಮೆ ಬಲಕ್ಕೆ ಬಗ್ಗಿತು, ಒಮ್ಮೆ ಎಡಕ್ಕೆ. ಆಮೇಲೆ ಹಾರದ ಸಮೇತ ಎಡಗಡೆಯ ಬೇಲಿಯೊಳಗೆ ಮಲಗಿತು. ಒಂದು ನಿಂಬೆಹಣ್ಣು ಗಾಯವಿಲ್ಲದೆ ಉರುಳಿಹೋಯಿತು. ಅವನ ಮಣಿಕಟ್ಟಿಗೆ ಆ ಭಾಗ್ಯವಿರಲಿಲ್ಲ.

"ಅಯ್ಯಯ್ಯೋ, ಕಾಯಿ ನೀರು ಐಸ್ ಆಗ್ಬಿಟ್ಟಿದೆ! ನಂದೇ ತಪ್ಪು!" ಎಂದು ಗೋಪೀನಾಥರು ತಲೆ ಚಚ್ಚಿಕೊಂಡರು.

ಬಿದ್ದವನಿಗೆ ಇದೊಂದು ಹುಲ್ಲುಕಡ್ಡಿ ಸಿಕ್ಕಿತು. "ಹೌದು ಡಾಕ್ಟ್ರೇ, ಜಾರ್ಬಿಡ್ತು. ಇಲ್ದಿದ್ರೆ ನಾನು ಬೀಳೋನಾ?"

ಧೃತಿ ಒಮ್ಮೆ ಐಸಿನ ಕಡೆ, ಒಮ್ಮೆ ಬೇಲಿಯ ಕಡೆ ನೋಡಿದಳು.

"ಮಗೂನ ನಾನು ನೋಡ್ಕೋತೀನಿ, ನೀವು ಆಸ್ಪತ್ರೆಗೆ ಹೊರಡಿ. ಅಷ್ಟಾದ್ರೂ ಮಾಡ್ಬೇಡ್ವೇ ನಾನು!" ಎಂದರು ಗೋಪೀನಾಥರು.

ಆರು ವಾರದ ಪ್ಲಾಸ್ಟರ್ ಹಾಕಿಸಿಕೊಂಡು ವೇದಾಳೊಂದಿಗೆ ಮನೆಗೆ ಬರುವಾಗ ನಾಲ್ಕರ ಕತ್ತಲೆ ಕವಿಯುತ್ತಿತ್ತು. ಒಂಟಿ ಕೈಯಲ್ಲಿ ಶೂ ಬಿಚ್ಚಲಾಗದೆ ಕೂತ ಅಪ್ಪನ ಮುಂದೆ ಧೃತಿ ಮಂಡಿಯೂರಿ ಲೇಸು ಬಿಡಿಸಿದಳು. ಅವಳ ಕೆನ್ನೆ ಗಾಳಿಗೆ ಕೆಂಪಾಗಿತ್ತು, ಮಂಡಿ ತರಚಿತ್ತು.

"ಅಪ್ಪಾ, ಐಸ್ ಆ ಕಡೆ ಇತ್ತು. ನೀನು ಬಿದ್ದಿದ್ದು ಈ ಕಡೆ."

ತಿರುಮಲೇಶ ಲೇಸನ್ನೇ ನೋಡುತ್ತಿದ್ದ.

"ಇಟ್ಸ್ ಓಕೆ. ನಂಗೂ ಬರ್ತಿರ್ಲಿಲ್ಲ. ಅದಕ್ಕೇ ಕೇಳಿದ್ದು, ನಿಂಗೂ ಬರಲ್ಲ ಅಂದ್ರೆ ಒಟ್ಟಿಗೇ ಕಲಿಯೋಣ ಅಂತ. ನೀನು ಕೈ ಬಿಟ್ಟು ಹೊಡೀತೀನಿ ಅಂದೆ. ಹೇಳೋಕೆ ಶೇಮ್ ಆಯ್ತು."

"ಈಗ ಕಲಿಯೋಣ ಪುಟ್ಟಿ" ಎಂದ ಅವನು. "ಪ್ಲಾಸ್ಟರ್ ಬಿಚ್ಚಿದ ಮೇಲೆ ಇಬ್ರೂ ಒಟ್ಟಿಗೆ..."

"ನಂಗೆ ಬಂತಪ್ಪಾ" ಎಂದಳು ಅವಳು ತಪ್ಪು ಮಾಡಿದವಳಂತೆ. "ಡಾಕ್ಟರ್ ಅಂಕಲ್ ಸೀಟ್ ಹಿಡ್ಕೊಂಡು ಓಡಿ ಓಡಿ ಕಲಿಸಿದ್ರು. ಒಂದೇ ಗಂಟೇಲಿ."

ಮುಂದಿನ ಭಾನುವಾರವೂ ಬಿಸಿಲು ಬಂತು. ಸ್ಟ್ಯಾಂಡಿಗೆ ಮರಳಿದ ಸೈಕಲ್ಲಿನ ಮೇಲೆ ನಾಲ್ಕು ಟವೆಲ್ ಒಣಗುತ್ತಿದ್ದವು. ಧೃತಿ ಹೆಲ್ಮೆಟ್ ಹಾಕಿಕೊಂಡು ಬಾಗಿಲಲ್ಲಿ ನಿಂತಳು. "ಟುಡೇ, ಅಪ್ಪಾ?" ಎಂದು ಕೇಳಲಿಲ್ಲ.

"ಬೈ, ಅಪ್ಪಾ" ಎಂದಳು.