ಮಾವನವರಿಗೆ ಬಿದ್ದ ಒಂದು ಮತ

ಗೆದ್ದವರ ಹೆಸರಷ್ಟೇ ಸಾಕು ಎಂದು ಅಧಿಕಾರಿ ಹೇಳಿದ್ದರು. ಗುಮಾಸ್ತನೇ ಕೇಳಲಿಲ್ಲ.

ಚುನಾವಣಾ ಕಚೇರಿಯ ದಾಖಲೆ ಕೋಣೆಯಲ್ಲಿ ಹದಿನಾರು ವರ್ಷ ಧೂಳು ಕುಡಿದ ಮನುಷ್ಯ ಅವನು. ವಿಧಾನಸಭಾ ಕ್ಷೇತ್ರ ಹುಟ್ಟಿ ಅರವತ್ತು ವರ್ಷವಾಯಿತೆಂದು ಪತ್ರಿಕೆಯವರು ಅದರ ಮತದಾನದ ಇತಿಹಾಸ ಕೇಳಿದಾಗ, ತನ್ನ ಕೋಣೆಯ ಬಾಗಿಲನ್ನು ಯಾರೋ ಮೊದಲ ಸಲ ಗೌರವದಿಂದ ತಟ್ಟಿದಂತಾಯಿತು. ಹದಿಮೂರು ಚುನಾವಣೆ, ನೂರ ಅರವತ್ತೆರಡು ಅಭ್ಯರ್ಥಿಗಳು. ಗೆದ್ದವರು, ಸೋತವರು, ಸುಮ್ಮನೆ ನಿಂತವರು, ನಿಂತದ್ದನ್ನೇ ಮರೆತವರು, ಒಬ್ಬರನ್ನೂ ಬಿಡದೆ ಪಟ್ಟಿ ಮಾಡಿದ. ಹೆಸರುಗಳನ್ನು ಸೋಮವಾರ ಟೈಪ್ ಮಾಡಿದ, ಅಂಕಿಗಳನ್ನು ಮಂಗಳವಾರ. ಸೋಮವಾರ ಏಳನೆಯ ಚುನಾವಣೆಯ ಪಟ್ಟಿಯಲ್ಲಿ ತನ್ನ ಮಾವನವರ ಹೆಸರು ಬಂದಾಗ, ಪತ್ರಿಕೆಯಲ್ಲಿ ನೋಡಿ ಎಷ್ಟು ಹಿಗ್ಗುತ್ತಾರೋ ಎಂದು ತಾನೇ ಹಿಗ್ಗಿದ. ಮಂಗಳವಾರ ಅವನಿಗೆ ನೆಗಡಿಯಾಗಿತ್ತು. ಯಾವ ಅಂಕಿ ಯಾರ ಎದುರು ಹೋಗಿ ಕೂರುತ್ತಿದೆ ಎಂಬುದನ್ನು ಕಣ್ಣು ನೋಡಿತು, ತಲೆ ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಪತ್ರಿಕೆ ಬಂತು. ಇಡೀ ಪುಟ.

"ಅಳಿಯಂದ್ರೇ!"

ಕೂಗು ಕೆಳಗಿನಿಂದ. ಗುಮಾಸ್ತನೂ ಅವನ ಹೆಂಡತಿಯೂ ಇದ್ದದ್ದು ಮಾವನ ಮನೆಯ ಮೇಲಂತಸ್ತಿನಲ್ಲಿ. ಕೆಳಗೆ, ಬೀದಿಗೆ ಮುಖಮಾಡಿದ ಕೋಣೆಯಲ್ಲಿ ಮಾವನವರ ಗಡಿಯಾರ ರಿಪೇರಿ ಅಂಗಡಿ. ಇವನು ಇಳಿದು ಬಂದಾಗ ಮಾವ ಒಂದು ಕಣ್ಣಿಗೆ ರಿಪೇರಿಯ ಭೂತಗನ್ನಡಿ ಸಿಕ್ಕಿಸಿಕೊಂಡು, ಪತ್ರಿಕೆಯ ಮೇಲೆ ಹಲ್ಲಿಯ ಹಾಗೆ ಬಾಗಿದ್ದರು.

"ಇಲ್ಲಿ ಒಂದು ಅಂತ ಇದೆ. ಒಂದರ ಪಕ್ಕದಲ್ಲಿ ಏನೋ ಬಿಟ್ಟುಹೋಗಿದೆ. ಸೊನ್ನೆಗಳೆಲ್ಲಿ?"

ಗುಮಾಸ್ತ ನೋಡಿದ. ಮೂವತ್ತೊಂದು ವರ್ಷದ ಹಿಂದಿನ ಚುನಾವಣೆ. ಹದಿನಾಲ್ಕು ಜನ. ಕೊನೆಯ ಹೆಸರು ಮಾವನವರದು. ಪಕ್ಷೇತರ. ಪಡೆದ ಮತ: ಒಂದು.

ಆ ವರ್ಷ ಮತ ಎಣಿಕೆಯ ದಿನ ಮಾವ ಜ್ವರದಿಂದ ಹಾಸಿಗೆ ಹಿಡಿದಿದ್ದರು. ಆಮೇಲೆ ಅಂಗಡಿಗೆ ಬಂದವರೆಲ್ಲ "ಚೆನ್ನಾಗಿ ಬಿದ್ದಿದೆಯಂತಲ್ಲ" ಎಂದಿದ್ದರು. ಆ 'ಚೆನ್ನಾಗಿ' ಮೊದಲು ಮುನ್ನೂರಾಯಿತು, ಮಗಳ ಮದುವೆಯ ಹೊತ್ತಿಗೆ ಎಂಟುನೂರಾಯಿತು. ಈಚೆಗೆ "ಸಾವಿರಕ್ಕೆ ಎರಡೋ ಮೂರೋ ಕಡಿಮೆ" ಎಂಬಲ್ಲಿ ನಿಂತಿತ್ತು.

"ಮೂಲ ದಾಖಲೆಯಲ್ಲೇ ಹಾಗಿರಬೇಕು ಮಾವ," ಎಂದ ಗುಮಾಸ್ತ.

ಮಾವ ಭೂತಗನ್ನಡಿ ತೆಗೆದರು. ಅಷ್ಟರಲ್ಲಿ ಅತ್ತೆ ಕಾಫಿ ತಂದರು. ಮಾವ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ತಣ್ಣಗೆ ಕೇಳಿದರು: "ಒಂದು ವೋಟು ಬಿದ್ದಿದೆ. ಅದು ನಂದು. ಹಾಗಾದ್ರೆ ನೀನು ಯಾರಿಗೆ ಹಾಕಿದ್ದೆ?"

ಅತ್ತೆ ಪತ್ರಿಕೆ ಎತ್ತಿ ಓದಿದರು. "ಅದು ನಂದು. ಹಾಗಾದ್ರೆ ನೀವು ಯಾರಿಗೆ ಹಾಕಿದ್ರಿ?"

ಗೋಡೆಯ ಮೇಲಿನ ನಲವತ್ತು ಗಡಿಯಾರಗಳು ಟಿಕ್ ಟಿಕ್ ಎಂದವು. ಅತ್ತೆ ಅಳಿಯನ ಮುಂದೆ ಒಂದು ಲೋಟ ಇಟ್ಟು, ಗಂಡನ ಲೋಟವನ್ನು ವಾಪಸು ಒಳಗೆ ತೆಗೆದುಕೊಂಡು ಹೋದರು.

ಪಕ್ಕದ ಮನೆಯ ದರ್ಜಿ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಓಡಿ ಬಂದ. "ಅಣ್ಣಾ, ಬೇಜಾರು ಮಾಡ್ಕೋಬೇಡಿ. ಆ ಒಂದು ವೋಟು ನಂದೇ!"

"ಮೂವತ್ತೊಂದು ವರ್ಷದಿಂದ ನಿಮ್ಮನೆ ಆರು ವೋಟೂ ನಂಗೇ ಅಂತಿದ್ದೆಯಲ್ಲೋ?"

ದರ್ಜಿ ಬೆರಳು ಮಡಚಿ ಆರರವರೆಗೆ ಎಣಿಸಿದ. "ಹೌದಲ್ವಾ? ಉಳಿದ ಐದು ಎಲ್ಲಿಗೆ ಹೋದವೋ ಮನೇಲಿ ವಿಚಾರಿಸ್ತೀನಿ ಇರಿ," ಎಂದು ಹೋದ. ಎರಡೇ ನಿಮಿಷದಲ್ಲಿ ಗೋಡೆಯಾಚೆಯಿಂದ ಪಾತ್ರೆ ಬಿದ್ದ ಸದ್ದು ಕೇಳಿಸಿತು.

ಒಂಬತ್ತು ಗಂಟೆಯೊಳಗೆ ಆ ಒಂದು ಮತಕ್ಕೆ ಹನ್ನೊಂದು ಜನ ವಾರಸುದಾರರು ಬಂದು ಹೋದರು. ಬಂದ ಪ್ರತಿಯೊಬ್ಬರೂ ತಮಗಿಂತ ಮೊದಲು ಬಂದವರ ಮುಖವನ್ನು ಅನುಮಾನದಿಂದ ನೋಡಿದರು. ಇಡೀ ಬೀದಿ ಒಂದೇ ಬೆಳಿಗ್ಗೆ ಒಬ್ಬರನ್ನೊಬ್ಬರು ಸುಳ್ಳುಗಾರರೆಂದು ಕಂಡುಹಿಡಿಯಿತು. ಅದಕ್ಕೆಲ್ಲ ಕಾರಣ ಯಾರು ಎಂಬ ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯವಿರಲಿಲ್ಲ.

"ಅಲ್ಲ ರೀ," ಎಂದಳು ಗುಮಾಸ್ತನ ಹೆಂಡತಿ, "ತರಕಾರಿ ಚೀಟಿನೂ ಎರಡು ಸಲ ಓದೋರು ನೀವು. ಇದೊಂದು ಕಣ್ಣಿಗೆ ಬೀಳಲಿಲ್ವಾ?"

"ಬಿದ್ದಿದ್ರೆ ಏನು ಮಾಡ್ಬೇಕಿತ್ತು? ಸುಳ್ಳು ಬರೀಲಾ?"

"ಸುಳ್ಳು ಯಾಕೆ? ಮಸಿ ಚೆಲ್ಲಬಹುದಿತ್ತಲ್ಲ! ಅಮ್ಮ ಬ್ಯಾಗು ತುಂಬ್ತಿದ್ದಾಳೆ. ಐದು ಗಂಟೆ ಬಸ್ಸಿಗೆ ದೊಡ್ಡಮ್ಮನ ಮನೆಗೆ ಹೋಗ್ತಾಳಂತೆ. ಅವಳು ಹೋದ್ರೆ ನಾನೂ ಹೋಗೋಳೇ."

"ನೀನ್ಯಾಕೆ?"

"ನೀವೂ ಅಪ್ಪನೂ ಸೇರಿ ಇತಿಹಾಸ ಬೇಯಿಸ್ಕೊಂಡು ತಿನ್ನಿ."

ಗುಮಾಸ್ತ ಅಡುಗೆಮನೆಗೆ ಹೋದ. ಅತ್ತೆ ಒಲೆಗೆ ಬೆನ್ನು ಮಾಡಿ ನಿಂತಿದ್ದರು. ಇವನನ್ನು ಕಂಡದ್ದೇ ಬಾಗಿಲು ಮುಂದೆ ಮಾಡಿ, ಧ್ವನಿ ತಗ್ಗಿಸಿದರು.

"ನಿಮ್ಮ ಹತ್ರ ಮುಚ್ಚಿಟ್ಟು ಏನು ಪ್ರಯೋಜನ. ಆ ವೋಟು ನಂದಲ್ಲ ಅಳಿಯಂದ್ರೇ. ಒಳಗೆ ಹೋದ ಕೂಡ್ಲೆ ಗಾಬರೀಲಿ ಮುದ್ರೆ ಎಲ್ಲೋ ಒತ್ತಿಬಿಟ್ಟೆ. ಹೊರಗೆ ಬಂದ್ಮೇಲೆ ತಪ್ಪಾಯ್ತು ಅಂತ ಹೊಳೀತು. ಅದು ಅವರ ವೋಟೇ. ಆದ್ರೆ ಅವರ ಕಿವಿಗೆ ಇದು ಬಿದ್ರೆ ನಾನು ಬದುಕಿರಲ್ಲ."

ಅವರ ಕಣ್ಣು ತುಂಬಿತ್ತು. ಗುಮಾಸ್ತ ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟು ಹೊರಗೆ ಬಂದ. ಬರುತ್ತಿದ್ದಂತೆಯೇ ಮಾವ ಅವನ ತೋಳು ಹಿಡಿದು ಆಳೆತ್ತರದ ಗಡಿಯಾರದ ಹಿಂದಕ್ಕೆ ಎಳೆದುಕೊಂಡರು.

"ಅಳಿಯಂದ್ರೇ, ಗಂಡಸಿಗೆ ಗಂಡಸು ಹೇಳೋ ಮಾತು. ಆ ವೋಟು ನಂದಲ್ಲ. ನಾನು ಬೇರೆ ಕಡೆ ಒತ್ತಿಬಿಟ್ಟಿದ್ದೆ."

"ನಿಮಗೆ ನೀವೇ ಹಾಕ್ಕೊಳ್ಳಲಿಲ್ವಾ ಮಾವ?"

"ಮೆಲ್ಲಗೆ! ಹದಿನೈದು ದಿನ ಬೀದಿ ಬೀದಿ ತಿರುಗಿ ನಿದ್ದೆಯಿಲ್ಲ, ತಲೆ ಎಲ್ಲೋ ಇತ್ತು, ಕೈ ಎಲ್ಲೋ ಹೋಯ್ತು. ಪಾಪ, ಅದು ಅವಳ ವೋಟೇ ಇರಬೇಕು. ಆದ್ರೆ ಈ ವಯಸ್ಸಲ್ಲಿ ಅವಳ ಮುಂದೆ ಹೇಗೆ ಒಪ್ಕೊಳ್ಳಲಿ? ನೀವು ಏನಾದ್ರೂ ಮಾಡಿ ಅವಳನ್ನ ನಿಲ್ಲಿಸಿ."

ಗುಮಾಸ್ತ ಮೆಟ್ಟಿಲ ಮೇಲೆ ಕೂತು ಲೆಕ್ಕ ಹಾಕಿದ. ಮತ ಮಾವನದಲ್ಲ, ಅತ್ತೆಯದಲ್ಲ. ಹನ್ನೊಂದು ಜನ ವಾರಸುದಾರರಲ್ಲಿ ಹತ್ತು ಜನವಂತೂ ಖಂಡಿತ ಸುಳ್ಳು. ಇಬ್ಬರು ಹಿರಿಯರಲ್ಲಿ ಒಬ್ಬರ ಗುಟ್ಟನ್ನು ಇನ್ನೊಬ್ಬರಿಗೆ ಹೇಳುವಂತೆಯೂ ಇಲ್ಲ. ಗಂಟೆ ಹನ್ನೆರಡಾಗಿತ್ತು. ಚಪ್ಪಲಿ ಮೆಟ್ಟಿ ಕಚೇರಿಯ ಕಡೆಗೆ ನಡೆದ.

ಭಾನುವಾರ ದಾಖಲೆ ಕೋಣೆಯಲ್ಲಿ ದೀಪ ಉರಿದದ್ದನ್ನು ಕಂಡು ಕಾವಲುಗಾರ ಹೆದರಿ ಕೋಲು ಹಿಡಿದು ಬಂದ. "ನಾನೇ," ಎಂದ ಗುಮಾಸ್ತ. ಏಳನೆಯ ಚುನಾವಣೆಯ ಕಟ್ಟು ಏಣಿಗೂ ಎಟುಕದ ಎತ್ತರದಲ್ಲಿತ್ತು. ಕಾವಲುಗಾರ ಹೆಗಲು ಕೊಟ್ಟ. ಕಟ್ಟು ಬಿಚ್ಚಿದಾಗ ಎದ್ದ ಧೂಳಿಗೆ ಇಬ್ಬರೂ ಪೈಪೋಟಿಯಲ್ಲಿ ಸೀನಿದರು.

ಮತಗಟ್ಟೆವಾರು ಹಾಳೆ ಸಿಕ್ಕಿತು. ಪತ್ರಿಕೆಯಲ್ಲಿ ಹೆಸರು, ಮತ ಎರಡೇ ಅಚ್ಚಾಗಿದ್ದವು. ಇಲ್ಲಿ ಹೆಸರಿನ ಪಕ್ಕದಲ್ಲಿ ಚಿಹ್ನೆಯೂ ಇತ್ತು. ಗುಮಾಸ್ತ ಬೆರಳಿಟ್ಟು ಓದುತ್ತ ಹೋದ. ಮಾವನವರ ಹೆಸರು, ಚಿಹ್ನೆ ಏಣಿ. ಅದರ ಮೇಲಿನ ಸಾಲಿನಲ್ಲಿ ಇನ್ನೊಬ್ಬ ಪಕ್ಷೇತರ, ಹಿಂದಿನ ಬೀದಿಯ ಬಣ್ಣದ ಮೇಸ್ತ್ರಿ, ಮನೆಗಳಿಗೆ ಬಣ್ಣ ಬಳಿಯುವವರು. ಅವರ ಚಿಹ್ನೆ ಗಡಿಯಾರ. ಅವರಿಗೆ ಬಿದ್ದ ಮತ ಸಾವಿರದ ಇನ್ನೂರ ನಾಲ್ಕು.

ಗುಮಾಸ್ತ ಹಾಳೆಯನ್ನೇ ನೋಡಿದ. ಆಮೇಲೆ ಕಾವಲುಗಾರನನ್ನು ತಬ್ಬಿಕೊಂಡ. ಕಾವಲುಗಾರ ಮತ್ತೆ ಕೋಲಿಗೆ ಕೈಹಾಕಿದ.

ಹಾಳೆಯ ನಕಲು ಹಿಡಿದು ಅವನು ಬೀದಿಯ ತಿರುವಿಗೆ ಬಂದಾಗ ನಾಲ್ಕೂವರೆ. ಅತ್ತೆ ಬ್ಯಾಗು ಹಿಡಿದು ಹೊಸ್ತಿಲ ಹೊರಗೆ ನಿಂತಿದ್ದರು, ಹೆಂಡತಿ ಅವರ ಪಕ್ಕದಲ್ಲಿ. ಮಾವ ನಿಂತುಹೋದ ಗಡಿಯಾರದಂತೆ ಕೂತಿದ್ದರು. ಬೀಳ್ಕೊಡಲು ಬೀದಿಯವರೆಲ್ಲ ಸೇರಿದ್ದರು; ದರ್ಜಿ ಮಾತ್ರ ಹಣೆಗೆ ಒದ್ದೆ ಬಟ್ಟೆ ಒತ್ತಿಕೊಂಡಿದ್ದ.

"ಮಾವ, ಆಗ ನಿಮ್ಮ ಗುರುತು ಯಾವುದು?" ಎಂದು ದೂರದಿಂದಲೇ ಕೂಗಿದ ಗುಮಾಸ್ತ.

"ಗುರುತಾ? ಗಡಿಯಾರ ಕೇಳಿದ್ದೆ. ಬಣ್ಣದ ಮೇಸ್ತ್ರಿನೂ ಅದನ್ನೇ ಕೇಳಿದ್ದ. ಚೀಟಿ ಎತ್ತಿದ್ರು. ಅವನಿಗೆ ಗಡಿಯಾರ ಬಂತು, ನಂಗೆ ಏಣಿ."

"ಅತ್ತೆ, ನೀವು ಯಾವುದಕ್ಕೆ ಒತ್ತಿದ್ದು? ನಿಜ ಹೇಳಿ."

ಅತ್ತೆ ತಲೆ ತಗ್ಗಿಸಿದರು. "ಗಡಿಯಾರಕ್ಕೆ. ಗಡಿಯಾರ ಕಂಡ್ರೆ ನಂಗೆ ಬೇರೆ ಯಾರು ನೆನಪಾಗ್ತಾರೆ?"

ಮಾವ ಎದ್ದು ನಿಂತರು. "ಲೇ, ನಾನೂ ಅಲ್ಲೇ ಒತ್ತಿದ್ದು ಕಣೇ! ದಿನಾ ಮುಟ್ಟೋ ವಸ್ತು. ಕೈ ತಾನೇ ಹೋಯ್ತು."

"ನಮ್ಮನೆ ಆರೂ ಗಡಿಯಾರಕ್ಕೇ!" ಎಂದು ಕಿರುಚಿದ ದರ್ಜಿ, ತನ್ನ ಮನೆಯ ಕಡೆ ತಿರುಗಿ: "ಕೇಳಿಸ್ತಾ? ಗಡಿಯಾರ!"

"ನಮ್ದೂ!" "ನಮ್ದೂ!" ಎಂದಿತು ಬೀದಿ. ಗುಮಾಸ್ತ ಹಾಳೆ ಎತ್ತಿ ಹಿಡಿದು, ಈ ಬೀದಿಯ ಮತಗಟ್ಟೆಯೊಂದರಲ್ಲೇ ಗಡಿಯಾರಕ್ಕೆ ಮುನ್ನೂರ ಹದಿನೆಂಟು ಬಿದ್ದಿವೆ ಎಂದು ಓದಿ ಹೇಳಿದ. ಮಾವ ಹೆಂಡತಿಯ ಕೈಯಿಂದ ಬ್ಯಾಗು ತೆಗೆದುಕೊಂಡರು. ಅತ್ತೆ ಕೊಟ್ಟರು. ಅದಕ್ಕಿಂತ ಹೆಚ್ಚಿನ ರಾಜಿ ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಹೆಂಡತಿ ಗುಮಾಸ್ತನ ಕಡೆ ನೋಡಿ ನಕ್ಕಳು. ಬೆಳಿಗ್ಗೆಯಿಂದ ಒಂದು ತುತ್ತೂ ತಿಂದಿಲ್ಲವೆಂಬುದು ಅವನಿಗೆ ಆಗ ನೆನಪಾಯಿತು. ಇಲ್ಲಿಗೆ ಅವನು ಊಟಕ್ಕೆ ಕೂತಿದ್ದರೆ ಎಲ್ಲ ಚೆನ್ನಾಗಿತ್ತು.

ಆದರೆ ಮಾವ ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದ್ದರು. "ಆ ಏಣಿಗೆ ಬಿದ್ದ ಒಂದು ವೋಟು ಯಾವ ಮತಗಟ್ಟೆದು?"

"ಹಿಂದಿನ ಬೀದೀದು. ಬೇಡ ಬಿಡಿ ಮಾವ."

"ಬೇಡ ಅಂದ್ರೆ? ಇಡೀ ಕ್ಷೇತ್ರದಲ್ಲಿ ಚೀಟಿ ಸರಿಯಾಗಿ ನೋಡಿ ನಂಗೆ ವೋಟು ಹಾಕಿದ ಒಬ್ಬನೇ ಒಬ್ಬ ಮನುಷ್ಯ! ಕೈ ಮುಗೀದೆ ಇದ್ರೆ ಆಗತ್ತಾ? ಮೇಸ್ತ್ರಿನ ಕೇಳೋಣ. ಆ ಬೀದಿಯವರೆಲ್ಲ ಅವನಿಗೆ ಗೊತ್ತು."

ಮಾವ ಮುಂದೆ, ಬೀದಿ ಹಿಂದೆ, ನಡುವೆ ಗುಮಾಸ್ತ. ಬಣ್ಣದ ಮೇಸ್ತ್ರಿ ಮನೆಯ ಮುಂದಿನ ಕುರ್ಚಿಯಲ್ಲಿ ಪತ್ರಿಕೆಯನ್ನು ತೊಡೆಯ ಮೇಲೆ ಮಗುವಿನಂತೆ ಮಲಗಿಸಿಕೊಂಡು ಕೂತಿದ್ದರು.

"ಬನ್ನಿ ಬನ್ನಿ! ನೋಡಿದ್ರಾ? ಸಾವಿರದ ಇನ್ನೂರ ನಾಲ್ಕು! ಬೆಳಿಗ್ಗೆಯಿಂದ ಮೊಮ್ಮಕ್ಕಳ ಹತ್ರ ಓದಿಸ್ತಾನೇ ಇದ್ದೀನಿ."

"ನೋಡಿದ್ವಿ. ನಂಗೆ ಬಿದ್ದ ಆ ಒಂದು ವೋಟು ಯಾರದು ಅಂತ ಕೇಳೋಣ ಅಂತ ಬಂದೆ," ಎಂದರು ಮಾವ.

ಮೇಸ್ತ್ರಿ ಹೊಟ್ಟೆ ಹಿಡಿದು ನಕ್ಕರು. "ಅದು ನಂದೇ ಕಣಯ್ಯಾ! ಇಪ್ಪತ್ತು ವರ್ಷ ಏಣಿ ಹತ್ತಿ ಇಳಿದ ಕೈ. ಚೀಟೀಲಿ ಏಣಿ ಕಂಡ ತಕ್ಷಣ ಗುದ್ದಿಬಿಟ್ಟೆ. ಹೋಗಲಿ ಬಿಡು, ನಂಗೆ ಸಾವಿರದ ಇನ್ನೂರು ಇತ್ತಲ್ಲ!"

ಮಾವನವರ ಕಣ್ಣಲ್ಲಿ ನೀರು ಬಂತು. ಮೇಸ್ತ್ರಿಯ ಎರಡೂ ಕೈ ಹಿಡಿದುಕೊಂಡರು. ಅಲ್ಲಿಗೇ ನಿಲ್ಲಿಸಬಹುದಿತ್ತು. "ನಿನ್ನ ಉಪಕಾರ ಮರೆಯಲ್ಲ. ಆದ್ರೆ ಆ ಸಾವಿರದ ಇನ್ನೂರ ನಾಲ್ಕೂ ನಂದಂತಪ್ಪ. ಗಡಿಯಾರ ಅಂದ್ರೆ ನಾನೇ ಅಂತ ಎಲ್ರೂ ಒತ್ತಿದ್ದಾರೆ. ನಮ್ಮಳಿಯಂದ್ರು ದಾಖಲೆ ಸಮೇತ ಕಂಡುಹಿಡಿದ್ರು. ತೋರಿಸಿ ಅಳಿಯಂದ್ರೇ."

ಮೇಸ್ತ್ರಿಯ ನಗು ಹಳೆ ಗೋಡೆಯ ಸುಣ್ಣದಂತೆ ಪದರ ಪದರವಾಗಿ ಉದುರಿತು. ಅವರು ಪತ್ರಿಕೆ ನೋಡಿದರು, ಹಾಳೆ ನೋಡಿದರು, ಬೀದಿಯವರ ಮುಖ ನೋಡಿದರು. ಎಲ್ಲರೂ ಸಂಕೋಚದಿಂದ ತಲೆಯಾಡಿಸಿದರು.

"ಹಾಗಾದ್ರೆ ನಂಗೆ ಒಂದೂ ಇಲ್ವಾ?" ಎಂದರು ಮೇಸ್ತ್ರಿ. "ನಂದೂ ನಿಂಗೇ ಬಿತ್ತಲ್ಲೋ!"

"ಏನಪ್ಪಾ ಗಲಾಟೆ?" ಎಂದು ಒಳಗಿನಿಂದ ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಒಬ್ಬರು ಹೊರಗೆ ಬಂದರು. ಟವಲು ಕೆಳಗಿಳಿಯಿತು. ಗುಮಾಸ್ತನ ಕೈಯಿಂದ ಹಾಳೆಯೂ ಕೆಳಗಿಳಿಯಿತು. ಮೂರು ತಿಂಗಳ ಹಿಂದೆ ವರ್ಗವಾಗಿ ಬಂದ ಅವನ ಅಧಿಕಾರಿ, ಮನೆಯ ಬನಿಯನ್ನಿನಲ್ಲಿ.

"ಏನ್ರೀ ಗುಮಾಸ್ತರೇ, ನೀವಿಲ್ಲಿ? ನಮ್ಮಪ್ಪ ಯಾಕೆ ಹೀಗೆ ಕೂತಿದ್ದಾರೆ?"

"ಮಗನೇ," ಎಂದರು ಮೇಸ್ತ್ರಿ ಕ್ಷೀಣ ಧ್ವನಿಯಲ್ಲಿ, "ಮೂವತ್ತೊಂದು ವರ್ಷ ನನ್ನ ವೋಟು ಅಂತ ತಲೆ ಎತ್ಕೊಂಡು ತಿರುಗಿದ್ನಲ್ಲ, ಅದೆಲ್ಲ ಇವರದಂತೆ. ನಿಮ್ಮಮ್ಮ ಹಾಕಿದ್ದೂ ಇವರಿಗೇ ಇರಬೇಕು. ನಿನ್ನ ಗುಮಾಸ್ತ ಹೇಳ್ತಿದ್ದಾನೆ."

ಒಳಗೆ ಪಾತ್ರೆಯೊಂದು ಬಿತ್ತು. "ಯಾರು ರೀ ಹಾಗಂದಿದ್ದು?" ಎಂದು ಹೆಂಗಸಿನ ಧ್ವನಿ ಕೇಳಿಸಿತು.

ಅಧಿಕಾರಿ ನಿಧಾನವಾಗಿ ಬಗ್ಗಿ ಹಾಳೆ ಎತ್ತಿಕೊಂಡರು. ಮೊದಲಿನಿಂದ ಕೊನೆಯವರೆಗೆ ಓದಿದರು. ತಾಯಿ ಬಾಗಿಲಿಗೆ ಬಂದು ನಿಂತಿದ್ದನ್ನೂ ಕಂಡರು. ಆಮೇಲೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಗುಮಾಸ್ತನ ಅಂಗಿಯ ಜೇಬಿಗೆ ತಾವೇ ಇಟ್ಟರು.

"ಗೆದ್ದವರ ಪಟ್ಟಿ ಸಾಕು ಅಂದಿದ್ದೆ. ನೀವು ಪೂರ್ತಿ ಇತಿಹಾಸ ಬೇಕು ಅಂದ್ರಿ. ಆಗಲಿ. ಈ ಸಾವಿರದ ಇನ್ನೂರ ನಾಲ್ಕರಲ್ಲಿ ನಮ್ಮಪ್ಪ ಅಂತ ಹಾಕಿದವು ಎಷ್ಟು, ನಿಮ್ಮ ಮಾವ ಅಂತ ಹಾಕಿದವು ಎಷ್ಟು, ಬೇರೆ ಬೇರೆ ಮಾಡಿ ನಾಳೆ ಹತ್ತು ಗಂಟೆಗೆ ನನ್ನ ಮೇಜಿನ ಮೇಲಿಡಿ."

ಗುಮಾಸ್ತ, ಅದು ಗುಪ್ತ ಮತದಾನ ಎಂದು ಹೇಳಲು ಬಾಯಿ ತೆರೆದ.

"ಅದಕ್ಕೇನಂತೆ ಸಾರ್," ಎಂದರು ಮಾವ ಅವನ ಬೆನ್ನು ತಟ್ಟಿ, "ನಮ್ಮಳಿಯಂದ್ರು ಮಾಡಿಕೊಡ್ತಾರೆ!"